ಕಿಣ್ವ ಅಂದ್ರೆ ಏನು? ಕಾಕಾನ ರಿಪೋರ್ಟ್‌ನಿಂದ ಶುರುವಾದ ಪಾಠ

ಶನಿವಾರ ಸಾಯಂಕಾಲ ಪುಣೆಯ ಟ್ರಾಫಿಕ್ ದಾಟಿಕೊಂಡು ಇಷ್ಟು ಜನ ಬಂದಿದ್ದೀರಿ. ಹೈದರಾಬಾದ್, ಚೆನ್ನೈ ಕಡೆಯವರು ಆನ್‌ಲೈನ್‌ನಲ್ಲಿ ಸೇರಿಕೊಂಡಿದ್ದೀರಿ. ಎಲ್ಲರಿಗೂ ಥ್ಯಾಂಕ್ಸ್.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಡಾಕ್ಟರ್ ಅಲ್ಲ, ಬಯೋಕೆಮಿಸ್ಟ್ರಿ ಓದಿದವನೂ ಅಲ್ಲ. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಕೆಲಸ ಬ್ಯಾಕೆಂಡ್‌ನಲ್ಲಿ. ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಎಲೆಕ್ಟ್ರಾನಿಕ್ಸ್ ತಗೊಂಡವನು. ಕಿಣ್ವ ಅನ್ನೋ ಪದ ನನಗೆ ಗೊತ್ತಿದ್ದದ್ದು ಹತ್ತನೇ ಕ್ಲಾಸಿನ ಪಾಠದಿಂದ ಮಾತ್ರ: ಲಾಲಾರಸದಲ್ಲಿ ಅಮೈಲೇಸ್, ಜಠರದಲ್ಲಿ ಪೆಪ್ಸಿನ್, ಎರಡು ಮಾರ್ಕಿನ ಪ್ರಶ್ನೆ. ಅಲ್ಲಿಗೆ ಮುಗೀತು.

ಆಮೇಲೆ ಮೂರು ವರ್ಷದ ಹಿಂದೆ ಒಂದು ಸಾಯಂಕಾಲ ಕಾಕಿಯ ಫೋನ್ ಬಂತು.

ನಮ್ಮೂರು ಹಾವೇರಿ ಜಿಲ್ಲೆ. ಹತ್ತಿ, ಗೋವಿನಜೋಳ, ಸ್ವಲ್ಪ ಮೆಣಸಿನಕಾಯಿ. ನಾನು ಆಗ ಇಲ್ಲಿ ಆಫೀಸಿನಲ್ಲಿ ರಿಲೀಸ್ ಕಾಲ್‌ನಲ್ಲಿದ್ದೆ. ಹೊರಗೆ ಬಂದು ಫೋನ್ ಎತ್ತಿದೆ.

"ತಮ್ಮಾ, ನಿಮ್ಮ ಕಾಕಾ ಹೊಲದಿಂದ ಬಂದವರು ಒಂದ್ ನಮೂನಿ ಮಾಡಾಕತ್ತಾರ. ಮೈಯೆಲ್ಲಾ ಬೆವರು, ಬಾಯಾಗಿಂದ ಜೊಲ್ಲು ಸುರಿಯಾಕತ್ತೈತಿ. ಎರಡ್ ಸಲ ವಾಂತಿ ಆತು. ಕಣ್ಣು ಸರಿ ಕಾಣವಲ್ಲವು ಅಂತಾರ."

"ಏನ್ ಮಾಡಾಕ ಹೋಗಿದ್ರು ಕಾಕಿ?"

"ಹತ್ತಿಗೆ ಎಣ್ಣಿ ಹೊಡ್ಯಾಕ ಹೋಗಿದ್ರು."

ಬೆಂಗಳೂರಿನ ಕಡೆಯವರು ನಗಬೇಡಿ. ನಮ್ಮ ಕಡೆ ಎಣ್ಣೆ ಹೊಡೆಯೋದು ಅಂದ್ರೆ ಬೆಳೆಗೆ ಕೀಟನಾಶಕ ಸಿಂಪಡಿಸೋದು. ಇನ್ನು ಕೆಲವು ಕಡೆ "ಔಷಧಿ ಹೊಡೆಯೋದು" ಅಂತಾರೆ. ವಿಷಕ್ಕೆ ಒಂದೋ ಎಣ್ಣೆ ಅಂತೀವಿ, ಇಲ್ಲ ಔಷಧಿ ಅಂತೀವಿ. ವಿಷ ಅಂತ ಮಾತ್ರ ಅನ್ನಲ್ಲ.

ನಾನು ಏನು ಹೇಳಿದೆ ಗೊತ್ತಾ? "ಬಿಸಿಲಿಗೆ ಆಗಿರಬೇಕು ಕಾಕಿ. ಮಜ್ಜಿಗೆ ಕುಡಿಸಿ ಮಲಗಿಸ್ರಿ, ಆಮೇಲೆ ನೋಡೋಣ." ಹೇಳಿ ವಾಪಸ್ ಕಾಲ್‌ಗೆ ಹೋದೆ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವನು ನಾನು, ಹಾಗಾಗಿ ನನ್ನ ಮಾತು ನಡೀತು. ಸುಮಾರು ಒಂದು ತಾಸು ಹೋಯ್ತು. ಕಾಕಾನ ಮಗ ಪೇಟೆಯಿಂದ ಬಂದವನು ನೋಡಿ, ಉಸಿರಾಟ ಗೊರಗೊರ ಅನ್ನೋದು ಕೇಳಿ, ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಒಯ್ದ. ನನ್ನನ್ನು ಕೇಳಲಿಲ್ಲ. ಪುಣ್ಯಕ್ಕೆ.

ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ವಾಟ್ಸಾಪ್‌ನಲ್ಲಿ ಬ್ಲಡ್ ರಿಪೋರ್ಟ್ ಬಂತು. ಅದರಲ್ಲಿ ಒಂದು ಸಾಲು: ಕೋಲಿನೆಸ್ಟರೇಸ್. ಪಕ್ಕದಲ್ಲಿ ಒಂದು ಸಂಖ್ಯೆ, ನಾರ್ಮಲ್ ಅಂತ ಬರೆದಿದ್ದಕ್ಕಿಂತ ಎಷ್ಟೋ ಕಡಿಮೆ. ಹೆಸರಿನ ಕೊನೆಗೆ "ಏಸ್" ಅಂತಿದೆ, ಹಾಗಾದ್ರೆ ಇದು ಕಿಣ್ವ ಇರಬೇಕು. ಹತ್ತನೇ ಕ್ಲಾಸಿನಿಂದ ನನಗೆ ನೆನಪಿದ್ದದ್ದು ಅಷ್ಟೇ. ಒಂದು ಕಿಣ್ವ ಕಡಿಮೆಯಾದ್ರೆ ಮನುಷ್ಯ ಉಸಿರಾಡೋಕೆ ಆಗದಂತೆ ಯಾಕೆ ಆಗ್ತಾನೆ? ಇವತ್ತಿನ ಮಾತು ಈ ಪ್ರಶ್ನೆಯ ಮೇಲೆ.

ಕಿಣ್ವ ಮಾಡೋ ಕೆಲಸ ಏನು ಅನ್ನೋದರಿಂದ ಶುರು ಮಾಡೋಣ.

ಪುಣೆಯಿಂದ ಊರಿಗೆ ರಸ್ತೆಯಲ್ಲಿ ಹೋಗೋರಿಗೆಲ್ಲ ಖಂಬಾಟ್ಕಿ ಘಾಟ್ ಗೊತ್ತು. ಎಷ್ಟೋ ವರ್ಷ ವ್ಯವಸ್ಥೆ ಹೇಗಿತ್ತು? ಸಾತಾರಾ ಕಡೆ ಹೋಗುವಾಗ ಘಾಟಿ ಹತ್ತಿ ಇಳೀಬೇಕು, ಲಾರಿಗಳ ಹಿಂದೆ ತೆವಳಬೇಕು. ವಾಪಸ್ ಬರುವಾಗ ಸುರಂಗ, ಸರ್ ಅಂತ ಬಂದುಬಿಡ್ತೀವಿ. ಗುಡ್ಡದ ಈ ಕಡೆಯ ಊರು ಅದೇ, ಆ ಕಡೆಯ ಊರು ಅದೇ. ನಡುವೆ ಎಷ್ಟು ಎತ್ತರ ಹತ್ತಬೇಕು ಅನ್ನೋದು ಮಾತ್ರ ಬೇರೆ.

ರಾಸಾಯನಿಕ ಕ್ರಿಯೆಗೂ ಹೀಗೇ ಒಂದು ಗುಡ್ಡ ಇರುತ್ತೆ. ಹಳೇ ಬಂಧ ಮುರಿದು ಹೊಸದು ಆಗಬೇಕಾದರೆ ನಡುವೆ ಅಣುಗಳು ಒಂದು ಕಷ್ಟದ ಭಂಗಿಯನ್ನು ದಾಟಬೇಕು. ಅದಕ್ಕೆ ಬೇಕಾದ ಶಕ್ತಿಗೆ ಸಕ್ರಿಯಣ ಶಕ್ತಿ, ಆಕ್ಟಿವೇಶನ್ ಎನರ್ಜಿ ಅಂತಾರೆ. ಕಿಣ್ವ ಅಲ್ಲಿ ಸುರಂಗ ಕೊರೆಯುತ್ತೆ. ನಮ್ಮ ಘಾಟಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ: ಕಿಣ್ವದ ಸುರಂಗ ಎರಡೂ ದಿಕ್ಕಿಗೆ ತೆರೆದಿರುತ್ತೆ. ಕೊನೆಗೆ ಯಾವ ಕಡೆ ಎಷ್ಟು ನಿಲ್ಲಬೇಕು ಅನ್ನೋದನ್ನು ಕಿಣ್ವ ಬದಲಾಯಿಸಲ್ಲ, ಅಲ್ಲಿಗೆ ಎಷ್ಟು ಬೇಗ ಮುಟ್ಟಬೇಕು ಅನ್ನೋದನ್ನಷ್ಟೇ ಬದಲಾಯಿಸುತ್ತೆ. ಕೆಲಸ ಮುಗಿದ ಮೇಲೆ ಕಿಣ್ವ ಖರ್ಚಾಗಲ್ಲ, ಮುಂದಿನ ಅಣುವಿಗೆ ರೆಡಿ.

"ಬೇಗ" ಅಂದ್ರೆ ಎಷ್ಟು ಬೇಗ? ನಾವು ತಿನ್ನೋ ಬೇಳೆಯಲ್ಲಿರೋ ಪ್ರೊಟೀನಿನ ಒಂದು ಬಂಧ ಬರೀ ನೀರಿನಲ್ಲಿ ತಾನಾಗೇ ಮುರಿಯಬೇಕಾದರೆ ನೂರಾರು ವರ್ಷ ಬೇಕು. ಹೊಟ್ಟೆಯಲ್ಲಿ ಕೆಲವು ತಾಸಿನ ಕೆಲಸ. 1995ರಲ್ಲಿ ಅಮೆರಿಕದ ರಿಚರ್ಡ್ ವೂಲ್ಫೆಂಡನ್ ಇನ್ನೊಂದು ಕ್ರಿಯೆಯ ಲೆಕ್ಕ ತೋರಿಸಿದರು. ಡಿಎನ್ಎ, ಆರ್‌ಎನ್ಎ ಕಟ್ಟೋಕೆ ಬೇಕಾದ ಸಾಮಗ್ರಿ ತಯಾರಾಗುವಾಗ ಬರೋ ಒಂದು ಹಂತ ಅದು. ಕಿಣ್ವ ಇಲ್ಲದಿದ್ದರೆ ಅರ್ಧದಷ್ಟು ಅಣುಗಳು ಬದಲಾಗೋಕೆ ಸುಮಾರು 7.8 ಕೋಟಿ ವರ್ಷ ಬೇಕು. ಕಿಣ್ವ ಇದ್ದರೆ ಒಂದು ಸೆಕೆಂಡಿನ ಸಣ್ಣ ಭಾಗ ಸಾಕು. ಅಂದ್ರೆ ನಮ್ಮ ಮೈಯಲ್ಲಿ ನಡೆಯೋ ಬಹುಪಾಲು ಕ್ರಿಯೆಗಳಿಗೆ ಕಿಣ್ವ ಅನ್ನೋದು ಆಪ್ಟಿಮೈಸೇಶನ್ ಅಲ್ಲ. ಅದಿಲ್ಲದೆ ಸಿಸ್ಟಮ್ಮೇ ಇಲ್ಲ.

ಹಾಗಾದ್ರೆ ಸುರಂಗ ಕೊರೆಯೋದು ಹೇಗೆ?

ಬಹುತೇಕ ಕಿಣ್ವಗಳು ಪ್ರೊಟೀನುಗಳು. ಆರ್‌ಎನ್ಎಯಿಂದಾದ ಕೆಲವೂ ಇವೆ, ಅವನ್ನು ಇವತ್ತಿಗೆ ಬಿಡೋಣ. ಪ್ರೊಟೀನ್ ಅಂದ್ರೆ ಅಮೈನೋ ಆಮ್ಲಗಳ ಉದ್ದನೆ ಸರ, ಅದು ಮಡಚಿಕೊಂಡು ಉಂಡೆಯಾಗಿ ಕೂತಿರುತ್ತೆ. ಆ ಉಂಡೆಯಲ್ಲಿ ಒಂದು ಕಡೆ ಒಂದು ಕುಳಿ, ಅಂಗಿಯ ಜೇಬಿನ ಹಾಗೆ. ಅದಕ್ಕೆ ಆಕ್ಟಿವ್ ಸೈಟ್ ಅಂತಾರೆ. ಉಂಡೆ ಎಷ್ಟೇ ದೊಡ್ಡದಿರಲಿ, ನಿಜವಾದ ಕೆಲಸ ನಡೆಯೋದು ಆ ಜೇಬಿನಲ್ಲಿ. ಅಣು ಒಳಗೆ ಬಂದು ಕೂತ ಮೇಲೆ ಜೇಬಿನ ಗೋಡೆಯ ಅಮೈನೋ ಆಮ್ಲಗಳು ಅದನ್ನು ಸರಿಯಾದ ಕೋನದಲ್ಲಿ ಹಿಡೀತವೆ, ಎಳೀತವೆ, ಆ ಕಷ್ಟದ ಭಂಗಿಯಲ್ಲಿ ಇರುವಾಗ ಆಸರೆ ಕೊಡ್ತವೆ. ಗುಡ್ಡ ತಗ್ಗೋದು ಇದರಿಂದ.

1894ರಲ್ಲಿ ಜರ್ಮನಿಯ ಎಮಿಲ್ ಫಿಶರ್ ಇದನ್ನು ಬೀಗ ಮತ್ತು ಕೀಲಿಗೆ ಹೋಲಿಸಿದರು. ಸರಿಯಾದ ಆಕಾರದ ಕೀಲಿಗೆ ಮಾತ್ರ ಬೀಗ ತೆರೆಯುತ್ತೆ. 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ಅದಕ್ಕೆ ತಿದ್ದುಪಡಿ ಮಾಡಿದರು: ಬೀಗ ಗಟ್ಟಿ ಕಬ್ಬಿಣದ್ದಲ್ಲ, ಕೈ ಹಾಕಿದಾಗ ಗ್ಲೌಸ್ ತುಂಬಿಕೊಳ್ಳೋ ಹಾಗೆ ಜೇಬೂ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತೆ. ಶಾಖ ಹೆಚ್ಚಾದರೆ, ಹುಳಿ ಬದಲಾದರೆ ಕಿಣ್ವ ಕೆಡುತ್ತೆ ಅಂತ ಓದಿದ್ದೀವಲ್ಲ, ಅದರ ಅರ್ಥವೂ ಇಷ್ಟೇ. ಮಡಿಕೆ ಬಿಚ್ಚಿಹೋಯ್ತು, ಜೇಬಿನ ಆಕಾರ ಹೋಯ್ತು.

ಜೇಬಿಗೆ ಒಂದು ಮಿತಿಯೂ ಇದೆ. ಒಂದು ಸಲಕ್ಕೆ ಒಂದೇ ಅಣು. 1913ರಲ್ಲಿ ಲಿಯೊನೋರ್ ಮೈಕೆಲಿಸ್ ಮತ್ತು ಮಾಡ್ ಮೆಂಟೆನ್ ಅನ್ನೋ ಇಬ್ಬರು ಇದರ ಲೆಕ್ಕ ಬರೆದರು. ಆ ಗ್ರಾಫ್ ನೋಡಿದಾಗ ನನಗೆ ನಗು ಬಂತು. ನಾವು ದಿನಾ ನೋಡೋ ಗ್ರಾಫೇ ಅದು. ವರ್ಕರ್‌ಗಳ ಸಂಖ್ಯೆ ಫಿಕ್ಸ್ ಇರುವಾಗ ರಿಕ್ವೆಸ್ಟ್ ಹೆಚ್ಚು ಮಾಡ್ತಾ ಹೋಗಿ: ಮೊದಲು ಥ್ರೂಪುಟ್ ಏರುತ್ತೆ, ಆಮೇಲೆ ಮಟ್ಟಸವಾಗುತ್ತೆ. ಎಲ್ಲ ವರ್ಕರ್‌ಗಳೂ ಬಿಜಿ. ಎಲ್ಲ ಜೇಬೂ ಭರ್ತಿ. ಆಮೇಲೆ ಉಳಿದಿರೋದು ಎರಡೇ ವಿಷಯ. ಜೇಬುಗಳು ಎಷ್ಟಿವೆ, ಒಂದೊಂದೂ ಎಷ್ಟು ಬೇಗ ಖಾಲಿಯಾಗುತ್ತೆ.

ಈ "ಖಾಲಿಯಾಗೋದು" ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ. ಕಾಕಾನ ಕಥೆ ಇರೋದು ಅದರಲ್ಲೇ.

ಈಗ ರಿಪೋರ್ಟಿನ ಕಿಣ್ವಕ್ಕೆ ಬರೋಣ. ಲ್ಯಾಬ್‌ನಲ್ಲಿ ಅಳೆದದ್ದು ರಕ್ತದ ಕೋಲಿನೆಸ್ಟರೇಸ್. ಅದರ ಅಣ್ಣ ನರಗಳ ತುದಿಯಲ್ಲಿದೆ, ಹೆಸರು ಅಸಿಟೈಲ್‌ಕೋಲಿನೆಸ್ಟರೇಸ್. ಪ್ರಾಣಕ್ಕೆ ಮುಖ್ಯವಾದದ್ದು ಈ ಅಣ್ಣ. ರಕ್ತದಲ್ಲಿ ತಮ್ಮ ಸೋತಿದ್ದಾನೆ ಅಂದ್ರೆ ಅಣ್ಣನಿಗೂ ಪೆಟ್ಟು ಬಿದ್ದಿರಬಹುದು ಅಂತ ಡಾಕ್ಟರ್ ಅಂದಾಜು ಮಾಡ್ತಾರೆ.

1921ರಲ್ಲಿ ಆಟೋ ಲೋವಿ ಎರಡು ಕಪ್ಪೆ ಹೃದಯಗಳನ್ನಿಟ್ಟು ಒಂದು ಪ್ರಯೋಗ ಮಾಡಿದರು. ಒಂದರ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯ್ತು. ಅದರ ಸುತ್ತಲಿನ ದ್ರವವನ್ನು ಎರಡನೇ ಹೃದಯಕ್ಕೆ ಹಾಕಿದರು. ನರ ಮುಟ್ಟದೇನೇ ಅದೂ ನಿಧಾನವಾಯ್ತು. ಅಂದ್ರೆ ನರ ಸಂದೇಶ ಕಳಿಸೋದು ಒಂದು ರಾಸಾಯನಿಕದ ಮೂಲಕ. ಆ ರಾಸಾಯನಿಕ ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿ ಮತ್ತು ಹೆನ್ರಿ ಡೇಲ್ ಇಬ್ಬರಿಗೂ ನೊಬೆಲ್ ಬಂತು.

ನೀವು ಕೈ ಎತ್ತಬೇಕು ಅಂದ್ಕೊಂಡಾಗ ನರದ ತುದಿಯಿಂದ ಈ ಅಸಿಟೈಲ್‌ಕೋಲಿನ್ ಸುರಿದು ಸ್ನಾಯುವಿಗೆ "ಬಿಗಿಯಾಗು" ಅಂತ ಹೇಳುತ್ತೆ. ಸರಿ. ಆದರೆ ಹೇಳಿದ ಮೇಲೆ ಆ ಮೆಸೇಜ್ ಅಳಿಯಬೇಕಲ್ಲ? ಅಳಿಯದೇ ಇದ್ದರೆ ಸ್ನಾಯುವಿಗೆ "ಬಿಗಿಯಾಗು, ಬಿಗಿಯಾಗು" ಅಂತ ಕೇಳ್ತಾನೇ ಇರುತ್ತೆ. ಅಳಿಸೋ ಕೆಲಸ ನಮ್ಮ ಕಿಣ್ವದ್ದು. ಒಂದೊಂದು ಕಿಣ್ವವೂ ಸೆಕೆಂಡಿಗೆ ಹತ್ತು ಸಾವಿರದ ಆಸುಪಾಸಿನಲ್ಲಿ ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯಬಲ್ಲದು. ದೇಹದ ಅತಿ ವೇಗದ ಕಿಣ್ವಗಳಲ್ಲಿ ಇದೂ ಒಂದು.

1991ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೋಯಲ್ ಸಸ್‌ಮನ್, ಇಸ್ರೇಲ್ ಸಿಲ್ಮನ್ ಮತ್ತು ಸಂಗಡಿಗರು ಇದರ ಆಕಾರವನ್ನು ಪ್ರಕಟಿಸಿದರು. ಕಿಣ್ವವನ್ನು ತೆಗೆದದ್ದು ವಿದ್ಯುತ್ ಹೊಡೆಯೋ ಒಂದು ಮೀನಿನಿಂದ. ನೋಡಿದ್ರೆ ಜೇಬು ಮೇಲೆ ಇಲ್ಲ. ಸುಮಾರು ಎರಡು ನ್ಯಾನೊಮೀಟರ್ ಆಳದ ಇಕ್ಕಟ್ಟಾದ ಬಾವಿಯ ತಳದಲ್ಲಿದೆ. ಅಲ್ಲಿ ಸೆರಿನ್ ಅನ್ನೋ ಒಂದು ಅಮೈನೋ ಆಮ್ಲ ಕೂತಿದೆ. ಕೆಲಸ ಎರಡು ಹಂತದಲ್ಲಿ. ಒಂದು: ಅಸಿಟೈಲ್‌ಕೋಲಿನ್ ಇಳಿದು ಬಂದಾಗ ಸೆರಿನ್ ಅದರ ಒಂದು ತುಂಡನ್ನು ತನಗೆ ಅಂಟಿಸಿಕೊಳ್ಳುತ್ತೆ, ಉಳಿದ ಕೋಲಿನ್ ಹೊರಟುಹೋಗುತ್ತೆ. ಎರಡು: ನೀರಿನ ಅಣು ಬಂದು ಆ ಅಂಟಿದ ತುಂಡನ್ನು ಬಿಡಿಸುತ್ತೆ. ಜೇಬು ಖಾಲಿ. ಇಷ್ಟೂ ಒಂದು ಸೆಕೆಂಡಿನ ಸುಮಾರು ಹತ್ತು ಸಾವಿರದ ಒಂದು ಭಾಗದಲ್ಲಿ.

ಈಗ ಕಾಕಾ ಹೊಡೆದ ಎಣ್ಣೆ. ಡಬ್ಬಿಯ ಮೇಲೆ ಕ್ಲೋರ್‌ಪೈರಿಫಾಸ್ ಅಂತ ಇತ್ತು. ಇದು ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕ. ಬೆನ್ನಿಗೆ ಹಾಕ್ಕೊಳ್ಳೋ ಪಂಪು ಸೋರ್ತಿತ್ತು, ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತ್ತು. ಅರ್ಧ ದಿನ ಅದೇ ಅಂಗಿ. ಕುಡಿಯೋದೇ ಬೇಕಿಲ್ಲ, ಚರ್ಮದಿಂದ ಒಳಗೆ ಹೋಗುತ್ತೆ.

ವಿಚಿತ್ರ ಏನಂದ್ರೆ, ಡಬ್ಬಿಯಲ್ಲಿರೋ ಕ್ಲೋರ್‌ಪೈರಿಫಾಸ್ ಈ ಕಿಣ್ವಕ್ಕೆ ಅಷ್ಟೇನೂ ಅಪಾಯಕಾರಿ ಅಲ್ಲ. ಅದನ್ನು ಅಪಾಯಕಾರಿ ಮಾಡೋದು ನಮ್ಮ ಲಿವರಿನ ಇನ್ನೊಂದು ಕಿಣ್ವ. ಅದು ಈ ಅಣುವಿನ ಗಂಧಕದ ಪರಮಾಣು ತೆಗೆದು ಆಮ್ಲಜನಕ ಕೂರಿಸುತ್ತೆ. ನಿಜವಾದ ವಿಷ ಆಗ ತಯಾರಾಗುತ್ತೆ. ಹೊಲದಲ್ಲಿ ಇದ್ದಷ್ಟು ಹೊತ್ತು ಕಾಕಾ ಆರಾಮಿದ್ದು, ಮನೆಗೆ ಬಂದ ಮೇಲೆ ಕೆಟ್ಟದ್ದಕ್ಕೆ ಇದೂ ಒಂದು ಕಾರಣ.

ಆ ವಿಷ ಬಾವಿಗೆ ಇಳಿಯುತ್ತೆ. ಸೆರಿನ್ ಎಂದಿನಂತೆ ಮೊದಲ ಹಂತ ಮಾಡುತ್ತೆ, ತುಂಡನ್ನು ಅಂಟಿಸಿಕೊಳ್ಳುತ್ತೆ. ಆದರೆ ಈ ಸಲ ಅಂಟಿದ್ದು ಫಾಸ್ಫರಸ್ ಇರೋ ತುಂಡು. ಎರಡನೇ ಹಂತಕ್ಕೆ ನೀರು ಬರುತ್ತೆ, ಬಿಡಿಸೋಕೆ ಆಗಲ್ಲ. ಆದರೂ ತಾಸುಗಟ್ಟಲೆ, ದಿನಗಟ್ಟಲೆ ಬೇಕು. ಲಾಕ್ ಹಿಡಿದ ಥ್ರೆಡ್ ಬಿಡ್ತಾನೇ ಇಲ್ಲ. ಹೀಗೆ ಒಂದೊಂದಾಗಿ ಜೇಬುಗಳು ಮುಚ್ಚಿದವು. ಅಳಿಸೋರಿಲ್ಲದೆ ಅಸಿಟೈಲ್‌ಕೋಲಿನ್ ತುಂಬಿಕೊಳ್ತಾ ಹೋಯ್ತು.

ಈಗ ಕಾಕಿ ಫೋನಿನಲ್ಲಿ ಹೇಳಿದ್ದನ್ನು ಮತ್ತೆ ಕೇಳಿ. ಬೆವರು: ಬೆವರಿನ ಗ್ರಂಥಿಗೆ ನಿಲ್ಲದ ಮೆಸೇಜ್. ಜೊಲ್ಲು: ಲಾಲಾರಸದ ಗ್ರಂಥಿಗೆ ನಿಲ್ಲದ ಮೆಸೇಜ್. ವಾಂತಿ: ಹೊಟ್ಟೆ, ಕರುಳಿಗೆ. ಕಣ್ಣು ಕಾಣವಲ್ಲವು: ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಬಿಗಿದುಕೊಂಡಿದೆ. ಗೊರಗೊರ ಉಸಿರು: ಶ್ವಾಸನಾಳದಲ್ಲಿ ನೀರು ತುಂಬ್ತಿದೆ. ಇದು ಬಿಸಿಲಿನ ಹೊಡೆತ ಆಗಿರಲಿಲ್ಲ. ಕಾಕಿ ನನಗೆ ಪೂರ್ತಿ ಎರರ್ ಲಾಗ್ ಓದಿ ಹೇಳಿದ್ದರು. ನನಗೆ ಓದೋಕೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಬಟ್ಟೆ ತೆಗೆದು ಮೈ ತೊಳೆದದ್ದು. ಆಮೇಲೆ ಅಟ್ರೊಪಿನ್, ಮತ್ತೆ ಮತ್ತೆ. ಅಟ್ರೊಪಿನ್ ಕಿಣ್ವವನ್ನು ಮುಟ್ಟಲ್ಲ. ಮೆಸೇಜ್ ತಗೊಳ್ಳೋ ಕಡೆ ಹೋಗಿ ಅಡ್ಡ ಕೂರುತ್ತೆ. ಹಾಗಾಗಿ ಶ್ವಾಸಕೋಶದ ನೀರು ಕಡಿಮೆಯಾಯ್ತು, ಜೊಲ್ಲು ನಿಂತಿತು. ಆದರೆ ಕೈಕಾಲು, ಕುತ್ತಿಗೆ, ಉಸಿರಾಟದ ಸ್ನಾಯುಗಳ ಮೇಲಿರೋ ಗ್ರಾಹಕ ಬೇರೆ ಜಾತಿಯದು, ಅದರ ಮೇಲೆ ಅಟ್ರೊಪಿನ್ ನಡೆಯಲ್ಲ.

ಜೇಬನ್ನೇ ಖಾಲಿ ಮಾಡೋಕೆ ಇನ್ನೊಂದು ಔಷಧ ಇದೆ, ಪ್ರಾಲಿಡಾಕ್ಸಿಮ್. ಆಸ್ಪತ್ರೆಯಲ್ಲಿ "ಪ್ಯಾಮ್" ಅಂತಾರೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಇರ್ವಿನ್ ವಿಲ್ಸನ್ ಮತ್ತು ಸಂಗಡಿಗರು, ನೀರಿನ ಕೈಯಲ್ಲಿ ಆಗದ್ದನ್ನು ಮಾಡೋ ಅಣು ಬೇಕು ಅಂತ ಯೋಚನೆ ಮಾಡಿಯೇ ರೂಪಿಸಿದ್ದು ಇದು. ಬಾವಿಗೆ ಇಳಿದು ಆ ಫಾಸ್ಫರಸ್ ತುಂಡನ್ನು ಕಿತ್ತುಕೊಂಡು ಬರುತ್ತೆ. ಆದರೆ ಇದಕ್ಕೆ ಗಡುವು ಇದೆ. ಅಂಟಿಕೊಂಡ ತುಂಡು ಹೊತ್ತು ಹೋದಂತೆ ತನ್ನದೊಂದು ಕೊಂಡಿ ಕಳಚಿಕೊಂಡು ಇನ್ನೂ ಭದ್ರವಾಗಿ ಕೂರುತ್ತೆ. ಇದಕ್ಕೆ ಏಜಿಂಗ್ ಅಂತಾರೆ, ಮುಪ್ಪಾಗೋದು. ಆಮೇಲೆ ಯಾವ ಔಷಧಕ್ಕೂ ಬಗ್ಗಲ್ಲ. ಕೆಲವು ಕೀಟನಾಶಕಗಳಲ್ಲಿ ಇದಕ್ಕೆ ಕೆಲವೇ ತಾಸು ಸಾಕು, ಕ್ಲೋರ್‌ಪೈರಿಫಾಸ್ ಥರದವಕ್ಕೆ ಒಂದು ದಿನಕ್ಕಿಂತ ಹೆಚ್ಚು ಹಿಡಿಯುತ್ತೆ. ಈ ಔಷಧ ಎಲ್ಲ ರೋಗಿಗಳಿಗೂ ಎಷ್ಟು ಉಪಯೋಗ ಅನ್ನೋದರ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಆದರೆ ಗಡಿಯಾರ ಓಡ್ತಿರುತ್ತೆ ಅನ್ನೋದು ಖಂಡಿತ. ನಾನು ಕಳೆದ ಒಂದು ತಾಸು ಆ ಗಡಿಯಾರದ್ದು.

ಎರಡನೇ ದಿನ ಕಾಕಾ ಮಾತಾಡಿದರು. ಎಲ್ಲರೂ ಗೆದ್ದೆವು ಅಂದ್ಕೊಂಡ್ವಿ. ಮೂರನೇ ದಿನ ಬೆಳಗ್ಗೆ ದಿಂಬಿನಿಂದ ತಲೆ ಎತ್ತೋಕೆ ಆಗಲಿಲ್ಲ. ಕುತ್ತಿಗೆಯಲ್ಲಿ ಬಲವೇ ಇಲ್ಲ. ಡಾಕ್ಟರು ಅದನ್ನೇ ಕಾಯ್ತಿದ್ದವರ ಹಾಗೆ ವೆಂಟಿಲೇಟರ್ ಹಾಕಿದರು. ವಿಷ ಸೇರಿ ಒಂದರಿಂದ ನಾಲ್ಕು ದಿನದೊಳಗೆ ಹೀಗೆ ಸ್ನಾಯು ಸೋಲೋದನ್ನು 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ ಅನ್ನೋ ವೈದ್ಯರು ವಿವರಿಸಿ ಹೆಸರಿಟ್ಟರು. ಹಾಗಾಗಿ, "ಆರಾಮಾಗ್ಯಾರ, ಮನಿಗೆ ಕರ್ಕೊಂಡ್ ಹೋಗ್ತೀವಿ" ಅಂತ ಎರಡನೇ ದಿನ ಡಿಸ್ಚಾರ್ಜ್ ಕೇಳಬಾರದು. ನಾವು ಕೇಳೋದರಲ್ಲಿದ್ವಿ.

ಆರು ದಿನ ವೆಂಟಿಲೇಟರ್. ಆಮೇಲೆ ಕಾಕಾ ತಾವೇ ಉಸಿರಾಡಿದರು.

ಉಳಿಸಿದ್ದು ಯಾವುದು? ಅಟ್ರೊಪಿನ್ ಮತ್ತು ವೆಂಟಿಲೇಟರ್ ಕಾಲ ಕೊಟ್ಟವು. ಆ ಕಾಲದಲ್ಲಿ ದೇಹ ಹೊಸ ಕಿಣ್ವ ಮಾಡಿಕೊಳ್ತು. ಕೆಟ್ಟ ಸರ್ವರ್ ರಿಪೇರಿ ಆಗದಿದ್ದರೆ ಹೊಸದನ್ನು ಎಬ್ಬಿಸಬೇಕು, ಇಲ್ಲಿ ಮಾತ್ರ ಅದು ಕ್ಲಿಕ್ ಮಾಡಿದ ಹಾಗಲ್ಲ. ಲಿವರ್ ಮಾಡೋ ರಕ್ತದ ಕೋಲಿನೆಸ್ಟರೇಸ್ ತುಂಬಿಕೊಳ್ಳೋಕೆ ವಾರಗಳು ಬೇಕು. ಕೆಂಪು ರಕ್ತಕಣದ ಮೇಲಿರೋದು ಇನ್ನೂ ನಿಧಾನ. ಆ ಕಣಗಳಲ್ಲಿ ಕೋಶಕೇಂದ್ರ ಇಲ್ಲ, ಹೊಸ ಪ್ರೊಟೀನ್ ಮಾಡಿಕೊಳ್ಳೋಕೆ ಆಗಲ್ಲ. ಹಳೇ ಕಣ ಸತ್ತು ಹೊಸ ಕಣ ಬರಬೇಕು. ಅವುಗಳ ಆಯುಸ್ಸು ಸುಮಾರು 120 ದಿನ. "ಇನ್ನ ಮೂರ್ನಾಕ್ ತಿಂಗಳ ಎಣ್ಣಿ ಡಬ್ಬಿ ಹತ್ರ ಹೋಗಬ್ಯಾಡ್ರಿ" ಅಂತ ಡಾಕ್ಟರ್ ಹೇಳಿದ್ದು ಈ ಲೆಕ್ಕದಲ್ಲಿ. ಅರ್ಧ ತುಂಬಿದ ಟ್ಯಾಂಕಿಗೆ ಸಣ್ಣ ಪೆಟ್ಟೂ ದೊಡ್ಡದೇ.

ಒಂದು ಮಾತು ಸೇರಿಸ್ತೀನಿ. ಇದೇ ಜೇಬನ್ನು ಬೇಕಂತಲೇ ಸ್ವಲ್ಪ ಮುಚ್ಚೋ ಔಷಧಗಳೂ ಇವೆ. ಮರೆವಿನ ಕಾಯಿಲೆಗೆ ಕೊಡೋ ಡೊನೆಪೆಜಿಲ್ ಮಾತ್ರೆ ಅಂಥದ್ದು. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಸ್ವಲ್ಪ ಹೆಚ್ಚು ಹೊತ್ತು ಉಳಿಯಲಿ ಅಂತ. ವ್ಯತ್ಯಾಸ ಏನು? ಅದು ಬಾವಿಯಲ್ಲಿ ಕೂತು ಎದ್ದು ಹೋಗುತ್ತೆ, ಸೆರಿನ್‌ಗೆ ಅಂಟಿಕೊಳ್ಳಲ್ಲ. ಎಷ್ಟು ಹೊತ್ತು ಕೂರುತ್ತೆ, ಎಷ್ಟು ಜೇಬು ತುಂಬುತ್ತೆ ಅನ್ನೋದರ ಮೇಲೆ ಒಂದು ಅಣು ಮಾತ್ರೆಯೂ ಆಗುತ್ತೆ, ವಿಷವೂ ಆಗುತ್ತೆ.

ಇಲ್ಲಿ ಕೂತಿರೋರಲ್ಲಿ ಎಷ್ಟು ಜನರ ಮನೆಯಲ್ಲಿ ಇನ್ನೂ ಹೊಲ ಇದೆ? ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಹೆಚ್ಚು. ನಾಳೆ ಭಾನುವಾರ, ಫೋನ್ ಮಾಡೇ ಮಾಡ್ತೀರಿ. ಇದಿಷ್ಟು ಹೇಳಿ.

ಎಣ್ಣೆ ಹೊಡೆದು ಬಂದವರಿಗೆ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು, ಉಸಿರಾಟದ ತೊಂದರೆ, ಮೈ ಅದುರೋದು ಶುರುವಾದರೆ ಮಜ್ಜಿಗೆ, ಹಾಲು, ಎಣ್ಣೆ ಏನನ್ನೂ ಕುಡಿಸಬೇಡಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಬಟ್ಟೆ ಬಿಚ್ಚಿ, ಸೋಪು ನೀರಿನಿಂದ ಮೈ, ತಲೆ ತೊಳೀರಿ. ತೊಳೆಯೋರು ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಆದರೂ ಸುತ್ತಿಕೊಳ್ಳಿ. 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿ. ತೊಳೀತಾ ತಡ ಮಾಡಬೇಡಿ. ಡಬ್ಬಿಯ ಲೇಬಲ್ ಒಂದು ಫೋಟೊ ತಗೊಳ್ಳಿ. ಯಾವ ರಾಸಾಯನಿಕ ಅಂತ ಗೊತ್ತಾದರೆ ಡಾಕ್ಟರ್ ಕೆಲಸ ಅರ್ಧ ಸುಲಭ. ಲೇಬಲ್ ಮೇಲೆ ಒಂದು ಬಣ್ಣದ ಗುರುತಿರುತ್ತೆ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದ್ರೆ ವಿಷ ಅಲ್ಲ ಅಂತ ಅಲ್ಲ.

ಮಾಸ್ಕ್, ಗ್ಲೌಸ್, ಕೋಟು ಕೊಡಿಸಿ ಅಂತ ನಾನೂ ಹೇಳಬಹುದು. ಹೇಳಿದ್ದೆ. ಕಾಕಾ ಅಂದ್ರು: "ಆ ಬಿಸಿಲಾಗ ಅದನ್ನ ಹಾಕ್ಕೊಂಡ್ ನೀನ ಒಂದ್ ತಾಸು ಪಂಪು ಹೊತ್ತು ತೋರ್ಸು." ತಪ್ಪು ಹೇಳಲಿಲ್ಲ. ಈಗ ಅವರು ಬೆಳಗ್ಗೆ ತಂಪಿನಲ್ಲಿ ಮಾತ್ರ ಹೊಡೀತಾರೆ, ಗಾಳಿಗೆ ಎದುರಾಗಿ ನಡೆಯಲ್ಲ, ಉದ್ದ ತೋಳಿನ ಅಂಗಿ, ಗ್ಲೌಸ್ ಹಾಕ್ತಾರೆ. ಅಂಗಿ ಒದ್ದೆಯಾದರೆ ಆಗಲೇ ಬಿಚ್ಚಿ ತೊಳ್ಕೊಳ್ತಾರೆ. ಸೋರೋ ಪಂಪು ಬದಲಾಯ್ತು, ಆ ದುಡ್ಡು ನಾನು ಕೊಟ್ಟೆ. ಅಷ್ಟಾದರೂ ನನ್ನ ಕೈಯಲ್ಲಿತ್ತು.

ದೂರದಲ್ಲಿರೋ ನಮಗೆ ಊರಿಂದ ಬರೋದು ಫೋನ್ ಒಂದೇ. ಕಾಕಿ ಲಕ್ಷಣಗಳನ್ನು ಎಷ್ಟು ಸರಿಯಾಗಿ ಹೇಳಿದ್ದರು ಅಂತ ನನಗೆ ಅರ್ಥ ಆದದ್ದು ಆ ಜೇಬಿನ ಬಗ್ಗೆ ಓದಿದ ಮೇಲೆ. ಮುಂದಿನ ಸಲ ಯಾರಾದರೂ ಅದೇ ಲಕ್ಷಣ ಹೇಳಿದರೆ ನೀವು "ಬಿಸಿಲು ಇರಬೇಕು" ಅನ್ನಬಾರದು. ಅದಕ್ಕೇ ಇಷ್ಟು ಹೊತ್ತು ಮಾತಾಡಿದೆ.

ಚಹಾ ರೆಡಿ ಇದೆಯಂತೆ. ಪ್ರಶ್ನೆ ಇದ್ದರೆ ಅಲ್ಲೇ ಮಾತಾಡೋಣ ಬನ್ನಿ.